ನಡುವಯಸ್ಸಿನಲ್ಲಿ ಎಲೆಕ್ಟ್ರೀಷಿಯನ್ ಆಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 19 ವರ್ಷ ದುಡಿದು, 43ನೇ ವಯಸ್ಸಿನಲ್ಲಿ ನಾನು ವೈರಿಂಗ್ ಕಲಿಯಲು ಹೊರಟೆ. 47ಕ್ಕೆ ಸ್ವಂತ ಕೆಲಸ ಆರಂಭಿಸಿದೆ. ಈಗ 54. ಇದೇ ದಾರಿ ಹಿಡಿಯಬೇಕೆಂದು ನನ್ನ ಬಳಿ ಬಂದು ಮಾತನಾಡುವವರು ಬಹುತೇಕ ನಲವತ್ತು ದಾಟಿದವರು. ಅವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೆಲಸದ ನಡುವೆ ಏಣಿಯ ಮೇಲಿಂದ ಅರ್ಧ ಉತ್ತರ ಕೊಟ್ಟು ಕಳುಹಿಸಿದೆನಲ್ಲ ಎಂಬ ಬೇಸರ ನನಗೆ ಎಷ್ಟೋ ಸಲ ಕಾಡಿದೆ. ಅದಕ್ಕಾಗಿ ಈ ಬರಹ.

ನಲವತ್ತೈದು ಆಯಿತು. ತಡವಾಗಲಿಲ್ಲವೇ?

ಕಲಿಯಲು ತಡವಾಗಿಲ್ಲ. ಅವಸರ ಮಾಡಲು ಮಾತ್ರ ತಡವಾಗಿದೆ. ಇಪ್ಪತ್ತರ ಹುಡುಗ ಎರಡು ವರ್ಷ ಹಾಳು ಮಾಡಿಕೊಂಡರೂ ಅವನ ಮುಂದೆ ನಲವತ್ತು ವರ್ಷ ಇರುತ್ತದೆ. ನಿಮ್ಮ ಮುಂದೆ ಇರುವುದು ಹದಿನೈದೋ ಇಪ್ಪತ್ತೋ. ಹಾಗಾಗಿ ಯಾರ ಬಳಿ ಕಲಿಯುತ್ತೀರಿ, ಯಾವ ಬಗೆಯ ಕೆಲಸದಲ್ಲಿ ನೆಲೆಯೂರುತ್ತೀರಿ ಎಂಬುದನ್ನು ಮೊದಲೇ ಯೋಚಿಸಿ ಹೆಜ್ಜೆ ಇಡಬೇಕು.

ಈ ಕಸುಬಿನಲ್ಲಿ ವಯಸ್ಸಿಗೆ ಒಂದು ಬೆಲೆ ಇದೆ ಎಂಬುದನ್ನೂ ಹೇಳಬೇಕು. ಮನೆಯೊಳಗೆ, ಮಲಗುವ ಕೋಣೆಯವರೆಗೂ ಅಪರಿಚಿತನೊಬ್ಬನನ್ನು ಬಿಟ್ಟುಕೊಳ್ಳುವ ಜನ ಮೊದಲು ನೋಡುವುದು ಅವನ ನಡವಳಿಕೆಯನ್ನು. ಹೇಳಿದ ಹೊತ್ತಿಗೆ ಬರುವವನು, ಬರಲಾಗದಿದ್ದರೆ ಫೋನ್ ಮಾಡುವವನು, ಕೆಲಸ ಮುಗಿದ ಮೇಲೆ ಉದುರಿದ ಗಾರೆಯನ್ನು ಗುಡಿಸಿ ಹೋಗುವವನು ಅವರಿಗೆ ಬೇಕು. ಇಪ್ಪತ್ತು ವರ್ಷ ಬೇರೆ ಕಡೆ ದುಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಮೈ ತಡೆದುಕೊಳ್ಳುತ್ತದೆಯೇ?

ಮೊದಲ ಆರು ತಿಂಗಳು ನನ್ನ ಮಂಡಿ ಮತ್ತು ಹೆಗಲು ಪ್ರತಿ ರಾತ್ರಿ ನೋಯುತ್ತಿದ್ದವು. ಈ ಕೆಲಸದಲ್ಲಿ ಭಾರ ಎತ್ತುವುದು ಕಡಿಮೆ, ಮೈಯನ್ನು ವಕ್ರವಾಗಿ ಹಿಡಿದು ನಿಲ್ಲುವುದು ಹೆಚ್ಚು. ತಲೆಯ ಮೇಲೆ ಕೈ ಎತ್ತಿಕೊಂಡು ಅರ್ಧ ಗಂಟೆ ಸೀಲಿಂಗ್ ದೀಪದ ತಂತಿ ಜೋಡಿಸುವುದು, ನೆಲಕ್ಕೆ ಹತ್ತಿರವಿರುವ ಸಾಕೆಟ್‌ಗಾಗಿ ಕುಕ್ಕರಗಾಲಿನಲ್ಲಿ ಕೂರುವುದು, ಗೋಡೆ ಕೊರೆಯುವಾಗ ಯಂತ್ರದ ನಡುಕ ಮೊಣಕೈವರೆಗೆ ಏರುವುದು, ಇವು ನಿಜವಾದ ಆಯಾಸ. ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆ, ಒಳ್ಳೆಯ ಷೂ, ಅಲುಗಾಡದ ಏಣಿ, ಇವುಗಳಿಗೆ ಹಣ ಹಾಕಲು ಹಿಂದೆಮುಂದೆ ನೋಡಬೇಡಿ. ಕೊರೆಯುವಾಗ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಲೇಬೇಕು. ಸಿಮೆಂಟು ಮತ್ತು ಇಟ್ಟಿಗೆಯ ನುಣುಪಾದ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ.

ಬಹಳ ಜನ ಯೋಚಿಸದ ವಿಷಯ ಕಣ್ಣು. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ದೃಷ್ಟಿ ಮಂಜಾಗತೊಡಗುತ್ತದೆ. ಓದಲು ಹಾಕುವ ಕನ್ನಡಕ ತಲೆಯ ಮೇಲಿನ ಕೆಲಸಕ್ಕೆ ಹೊಂದುವುದಿಲ್ಲ, ಏಕೆಂದರೆ ಎರಡು ಬಗೆಯ ಗಾಜಿನ ಕನ್ನಡಕದಲ್ಲಿ ಹತ್ತಿರದ ಭಾಗ ಕೆಳಗಿರುತ್ತದೆ, ತಂತಿ ಮೇಲಿರುತ್ತದೆ. ನಾನು ಕೆಲಸಕ್ಕೆಂದೇ ಬೇರೆ ಕನ್ನಡಕ ಮಾಡಿಸಿಕೊಂಡೆ. ಬಣ್ಣ ಗುರುತಿಸುವ ಶಕ್ತಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದ ತೊಂದರೆ ಹುಟ್ಟಿನಿಂದ ಬರುವಂಥದ್ದು, ಗಂಡಸರಲ್ಲಿ ಹೆಚ್ಚು, ಮತ್ತು ಅದು ತನಗಿದೆ ಎಂದು ತಿಳಿಯದೆಯೇ ಅರ್ಧ ಆಯುಷ್ಯ ಕಳೆದವರಿದ್ದಾರೆ.

ಶಾಲೆಯಲ್ಲಿ ಗಣಿತ ನನಗೆ ಹತ್ತುತ್ತಿರಲಿಲ್ಲ. ಆಗುತ್ತದೆಯೇ?

ದಿನನಿತ್ಯ ಬೇಕಾಗುವುದು ಗುಣಾಕಾರ, ಭಾಗಾಕಾರ. 2000 ವ್ಯಾಟ್‌ನ ನೀರಿನ ಹೀಟರ್ 230 ವೋಲ್ಟ್‌ನಲ್ಲಿ ಎಷ್ಟು ವಿದ್ಯುತ್ ಎಳೆಯುತ್ತದೆ? 2000ವನ್ನು 230ರಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಅದೇ ಹೀಟರಿನಷ್ಟು ಶಾಖ 120 ವೋಲ್ಟ್ ಇರುವ ದೇಶದಲ್ಲಿ ಬೇಕಾದರೆ ಸುಮಾರು 16.7 ಆಂಪಿಯರ್ ಹರಿಯಬೇಕು, ತಂತಿಯೂ ಅದಕ್ಕೆ ತಕ್ಕಂತೆ ದಪ್ಪವಿರಬೇಕು. ಇಷ್ಟು ಮಾಡಬಲ್ಲಿರಾದರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ಆದರೆ ಒಂದು ಸೂತ್ರ ರಕ್ತಗತವಾಗಬೇಕು. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಸರಿಯಾಗಿ ಬಿಗಿಯದ ಒಂದು ಸ್ಕ್ರೂ ಬರೀ 0.1 ಓಮ್ ತಡೆ ಒಡ್ಡುತ್ತಿದೆ ಎಂದುಕೊಳ್ಳಿ. ಅದರ ಮೂಲಕ 16 ಆಂಪಿಯರ್ ಹರಿದರೆ ಆ ಜಾಗದಲ್ಲಿ ಸುಮಾರು 25 ವ್ಯಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ ಒಂದರ ಶಕ್ತಿ ಅಷ್ಟೇ. ಅಂದರೆ ಗೋಡೆಯೊಳಗೆ, ಪ್ಲಾಸ್ಟಿಕ್ ಪೆಟ್ಟಿಗೆಯ ನಡುವೆ, ಸೀಸ ಕರಗಿಸುವ ಕಡ್ಡಿಯೊಂದನ್ನು ಉರಿಯಲು ಬಿಟ್ಟು ಬಂದಂತೆ. ಈ ಲೆಕ್ಕ ಮಾಡಿದ ದಿನದಿಂದ ನಾನು ಯಾವ ಸ್ಕ್ರೂವನ್ನೂ ಒಂದೇ ಸಲ ಬಿಗಿದು ಮುಂದೆ ಹೋಗಿಲ್ಲ. ತಂತಿಯನ್ನು ಒಮ್ಮೆ ಎಳೆದು ನೋಡುತ್ತೇನೆ.

ಮೈಕೆಲ್ ಫ್ಯಾರಡೆ ಹುಡುಗನಾಗಿದ್ದಾಗ ಪುಸ್ತಕ ಕಟ್ಟುವ ಕೆಲಸ ಕಲಿಯುತ್ತಿದ್ದ. ಅವನಿಗೆ ದೊಡ್ಡ ಗಣಿತದ ಶಿಕ್ಷಣ ಇರಲಿಲ್ಲ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದಾಗ ಅವನಿಗೆ ನಲವತ್ತು ತುಂಬುತ್ತಿತ್ತು. ಇಂದಿನ ಜನರೇಟರುಗಳು, ಟ್ರಾನ್ಸ್‌ಫಾರ್ಮರುಗಳು ನಿಂತಿರುವುದು ಆ ತತ್ವದ ಮೇಲೆ. ಗಣಿತದ ಭಯಕ್ಕೆ ಹಿಂಜರಿಯುವವರಿಗೆ ಇದನ್ನು ಹೇಳಲು ನನಗೆ ಬಹಳ ಇಷ್ಟ.

ಎಷ್ಟು ವರ್ಷ ಕಲಿಯಬೇಕು? ವಿಡಿಯೊ ನೋಡಿ ಕಲಿಯಬಹುದೇ?

ಹಲವು ದೇಶಗಳಲ್ಲಿ ಪೂರ್ಣ ಪ್ರಮಾಣದ ತರಬೇತಿ ಮೂರರಿಂದ ಐದು ವರ್ಷ. ಕೆಲವೆಡೆ ವಯಸ್ಕರಿಗೆ ಬೇಗ ಮುಗಿಯುವ ಕೋರ್ಸುಗಳಿವೆ. ಬೇಗ ಮುಗಿಯುವುದು ತರಗತಿ ಮಾತ್ರ. ಕೈ ಪಳಗಲು ಬೇಕಾದ ಕಾಲ ಕಡಿಮೆಯಾಗುವುದಿಲ್ಲ. ನಾಲ್ಕು ವಾರದಲ್ಲಿ ಎಲೆಕ್ಟ್ರೀಷಿಯನ್ ಮಾಡುತ್ತೇವೆ ಎನ್ನುವ ಜಾಹೀರಾತಿಗೆ ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ಈ ಪ್ರಮಾಣಪತ್ರದಿಂದ ನಾನು ಒಬ್ಬನೇ ಕೆಲಸ ಮಾಡಿ ಸಹಿ ಹಾಕಬಹುದೇ? ನಿಜವಾದ ಕಟ್ಟಡದಲ್ಲಿ ನನಗೆ ಎಷ್ಟು ದಿನದ ಕೆಲಸ ಕೊಡುತ್ತೀರಿ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ವಿಡಿಯೊಗಳಿಂದ ಒಂದು ಕೆಲಸ ಹೇಗೆ ಕಾಣುತ್ತದೆ ಎಂದು ತಿಳಿಯುತ್ತದೆ. ಆದರೆ ವಿಡಿಯೊದಲ್ಲಿ ಎಲ್ಲ ತಂತಿಯ ಬಣ್ಣವೂ ಸರಿಯಾಗಿರುತ್ತದೆ. ಹಳೆಯ ಮನೆಯಲ್ಲಿ ಹಾಗಿರುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವಿದ್ಯುತ್ ಮರಳಿ ಹೋಗುವ ನ್ಯೂಟ್ರಲ್ ನೀಲಿ, ನೆಲಕ್ಕೆ ಜೋಡಿಸುವ ಅರ್ತ್ ಹಸಿರು ಹಳದಿ ಪಟ್ಟಿ, ವಿದ್ಯುತ್ ತರುವ ಫೇಸ್‌ಗೆ ಕಂದು ಬಣ್ಣ ಸಾಮಾನ್ಯ. ಅಮೆರಿಕದಲ್ಲಿ ಕಪ್ಪು ತಂತಿ ಫೇಸ್, ಬಿಳಿ ನ್ಯೂಟ್ರಲ್. ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಅದೇ ಕಪ್ಪು ತಂತಿ ನ್ಯೂಟ್ರಲ್. ಬೇರೆ ದೇಶದವನು ಮಾಡಿದ ವಿಡಿಯೊ ನೋಡಿ ಕಪ್ಪು ತಂತಿಯನ್ನು ಮುಟ್ಟಲು ಹೊರಟವನ ಗತಿ ಏನಾಗಬಹುದು ಯೋಚಿಸಿ. ಇದರ ಮೇಲೆ ಮನೆಯ ಯಾರೋ ಒಬ್ಬರು ಎಂದೋ ಕೈಗೆ ಸಿಕ್ಕ ಬಣ್ಣದ ತಂತಿ ಹಾಕಿರುತ್ತಾರೆ. ಬಣ್ಣ ಒಂದು ಸೂಚನೆ, ಅಷ್ಟೇ. ಪುರಾವೆ ಕೊಡುವುದು ವೋಲ್ಟೇಜ್ ಅಳೆಯುವ ಮೀಟರ್.

ನನಗಿಂತ ಹದಿನೈದು ವರ್ಷ ಚಿಕ್ಕವನ ಕೈಕೆಳಗೆ ಹೇಗೆ ಕೆಲಸ ಮಾಡಲಿ?

ಈ ಪ್ರಶ್ನೆಯನ್ನು ಜನ ನಾಚಿಕೆಯಿಂದ, ಮಾತಿನ ಕೊನೆಯಲ್ಲಿ ಕೇಳುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ನನಗೆ ಕಲಿಸಿದವನಿಗೆ ಆಗ 29 ವರ್ಷ. ಅವನಿಗೆ ನನ್ನನ್ನು ಗದರಿಸಲು ಸಂಕೋಚ, ನನಗೆ ಅವನನ್ನು ಪ್ರಶ್ನಿಸಲು ಸಂಕೋಚ. ಒಂದು ತಿಂಗಳು ಹೀಗೇ ಕಳೆಯಿತು. ಒಂದು ದಿನ ಅಡುಗೆಮನೆಯ ಸಾಕೆಟ್ ಬದಲಿಸಬೇಕಿತ್ತು. ಡಿಬಿಯಲ್ಲಿ, ಅಂದರೆ ಮನೆಯ ಬ್ರೇಕರುಗಳೆಲ್ಲ ಇರುವ ಪೆಟ್ಟಿಗೆಯಲ್ಲಿ, ‘ಅಡುಗೆಮನೆ’ ಎಂದು ಚೀಟಿ ಅಂಟಿಸಿದ್ದ ಬ್ರೇಕರನ್ನು ಇಳಿಸಿ, ಬಂದು ಸಾಕೆಟ್ ಬಿಚ್ಚಿ, ತಂತಿಗೆ ಕೈ ಚಾಚಿದೆ. ಅವನು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೀಟರ್ ಇಟ್ಟು ನೋಡಿದರೆ 230 ವೋಲ್ಟ್. ಹಿಂದೆ ಯಾರೋ ಆ ಸಾಕೆಟ್ಟಿಗೆ ಪಕ್ಕದ ಕೋಣೆಯಿಂದ ತಂತಿ ಎಳೆದಿದ್ದರು. “ಚೀಟಿಯನ್ನು ಓದಬೇಡಿ, ಮೀಟರನ್ನು ಓದಿ” ಎಂದು ಅವನು ಹೇಳಿದ. ಧ್ವನಿ ಏರಿಸಲಿಲ್ಲ. ಅಂದಿನಿಂದ ನಾನು ಅವನನ್ನು ಗುರು ಎಂದೇ ತಿಳಿದಿದ್ದೇನೆ.

ತಲೆ ಬಾಗಿಸಲು ಸಾಧ್ಯವಿಲ್ಲದಿದ್ದರೆ ಈ ಕಸುಬಿಗೆ ಬರಬೇಡಿ ಎಂದೇ ನೇರವಾಗಿ ಹೇಳುತ್ತೇನೆ. ಹಿಂದಿನ ಕೆಲಸದಲ್ಲಿ ನಿಮ್ಮ ಕೈಕೆಳಗೆ ನಲವತ್ತು ಜನ ಇದ್ದಿರಬಹುದು. ಇಲ್ಲಿ ಮೊದಲ ವರ್ಷ ಪೈಪ್ ಹೊರುವುದು, ತಂತಿ ಎಳೆಯುವುದು, ಕಸ ಗುಡಿಸುವುದು ನಿಮ್ಮ ಪಾಲು.

ಷಾಕ್ ಹೊಡೆಯುವ ಭಯವಿದೆ. ಸಹಜವೇ?

ಸಹಜ. ಭಯ ಇಲ್ಲದವರ ಜೊತೆ ನಾನು ಕೆಲಸ ಮಾಡುವುದಿಲ್ಲ. ಆದರೆ ಮಬ್ಬಾದ ಭಯ ಕೈ ನಡುಗಿಸುತ್ತದೆ. ಏನು ಕೊಲ್ಲುತ್ತದೆ, ಎಷ್ಟು ಕೊಲ್ಲುತ್ತದೆ ಎಂದು ತಿಳಿದರೆ ಅದೇ ಭಯ ಎಚ್ಚರಿಕೆಯಾಗಿ ಕೆಲಸಕ್ಕೆ ಬರುತ್ತದೆ.

ದೇಹದ ಮೂಲಕ ಸುಮಾರು 1 ಮಿಲಿ ಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. 10 ಮಿಲಿ ಆಂಪಿಯರ್ ಹತ್ತಿರ ಬಂದರೆ ಸ್ನಾಯುಗಳು ಬಿಗಿದು ಹಿಡಿದ ತಂತಿಯನ್ನು ಬಿಡಲು ಆಗದೇ ಹೋಗಬಹುದು. ಅದಕ್ಕಿಂತ ಹೆಚ್ಚು ಪ್ರವಾಹ ಹೆಚ್ಚು ಹೊತ್ತು ಎದೆಯ ಮೂಲಕ ಹಾದರೆ ಹೃದಯದ ಬಡಿತ ಲಯ ತಪ್ಪುತ್ತದೆ. 60 ವ್ಯಾಟ್‌ನ ಹಳೆಯ ಬಲ್ಬ್ 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 260 ಮಿಲಿ ಆಂಪಿಯರ್. ಮಂದ ಬೆಳಕಿನ ಒಂದು ಬಲ್ಬ್ ಉರಿಯಲು ಬೇಕಾದ ವಿದ್ಯುತ್ತಿನ ಹತ್ತರಲ್ಲೊಂದು ಭಾಗ ಮನುಷ್ಯನನ್ನು ಅಪಾಯಕ್ಕೆ ದೂಡಲು ಸಾಕು.

ಎಂಸಿಬಿ (ಡಿಬಿಯಲ್ಲಿ ಸಾಲಾಗಿರುವ ಸಣ್ಣ ಬ್ರೇಕರ್) ಇದೆಯಲ್ಲ, ಅದು ಕಾಪಾಡುವುದಿಲ್ಲವೇ ಎಂದು ಕೇಳುತ್ತಾರೆ. 16 ಆಂಪಿಯರ್‌ನ ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲು. ನಿಮ್ಮ ಮೈಯಲ್ಲಿ ಹರಿಯುವ ಪ್ರವಾಹ ಅದರ ಗಮನಕ್ಕೇ ಬರುವುದಿಲ್ಲ. ಮನುಷ್ಯರನ್ನು ಕಾಯುವ ಉಪಕರಣ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದದ್ದೂ ನ್ಯೂಟ್ರಲ್‌ನಲ್ಲಿ ಮರಳಿದ್ದೂ ಸಮವಾಗಿದೆಯೇ ಎಂದು ಅದು ಸದಾ ಹೋಲಿಸಿ ನೋಡುತ್ತಿರುತ್ತದೆ. ಮನೆಗಳಲ್ಲಿ ಹಾಕುವಂಥದ್ದು 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಸಂಪರ್ಕ ಕಡಿಯಬೇಕು. ಆದರೂ ನೀವು ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ನೀವೂ ಒಂದು ಬಲ್ಬಿನಂತೆಯೇ ಕಾಣುತ್ತೀರಿ. ಹೋದದ್ದು ಮರಳಿ ಬರುತ್ತಿದೆ ಎಂದು ಸುಮ್ಮನಿರುತ್ತದೆ. ಇದನ್ನು ಪ್ರತಿಯೊಬ್ಬ ಕಲಿಯುವವನಿಗೂ ನಾನು ಮೊದಲ ದಿನವೇ ಹೇಳುತ್ತೇನೆ.

ಹಾಗಾದರೆ ಕಾಪಾಡುವುದು ಏನು? ಕ್ರಮ. ಮುಖ್ಯ ಸಂಪರ್ಕ ಕಡಿಯಬೇಕು. ಬೇರೆ ಯಾರೂ ಮತ್ತೆ ಹಾಕದಂತೆ ಬೀಗ ಹಾಕಿ, ಬೀಗದ ಕೈಯನ್ನು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ನಿಮ್ಮ ಮೀಟರನ್ನು ವಿದ್ಯುತ್ ಇದೆಯೆಂದು ಖಚಿತವಾಗಿ ಗೊತ್ತಿರುವ ಜಾಗದಲ್ಲಿ ಹಿಡಿದು ಅದು ಸರಿಯಾಗಿದೆಯೇ ನೋಡಬೇಕು. ಆಮೇಲೆ ಕೆಲಸ ಮಾಡುವ ತಂತಿಗಳಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ಮೂರರ ನಡುವೆಯೂ ಪರೀಕ್ಷಿಸಬೇಕು. ಕೊನೆಗೆ ಮೀಟರನ್ನು ಮೊದಲಿನ ಜಾಗದಲ್ಲಿ ಮತ್ತೊಮ್ಮೆ ಹಿಡಿದು ನೋಡಬೇಕು, ನಡುವೆ ಅದೇ ಕೆಟ್ಟು ಹೋಗಿದ್ದರೆ? ಇಷ್ಟಕ್ಕೆ ಬೇಕಾಗುವುದು ಮೂರು ನಾಲ್ಕು ನಿಮಿಷ. ದೀಪ ಹೊತ್ತುವ ಟೆಸ್ಟರ್ ಸ್ಕ್ರೂಡ್ರೈವರ್ ಒಂದನ್ನೇ ನಂಬಿ ತಂತಿ ಮುಟ್ಟಬೇಡಿ. ಒಣ ಮರದ ಏಣಿಯ ಮೇಲೆ ನಿಂತರೆ, ಬಿಸಿಲು ಜೋರಾಗಿದ್ದರೆ ಅದರ ಬೆಳಕು ಕಾಣದೇ ಹೋಗಬಹುದು.

ಇನ್ವರ್ಟರ್ ಮತ್ತು ಸೌರ ಫಲಕ ಇರುವ ಮನೆಯಲ್ಲಿ ಮುಖ್ಯ ಸ್ವಿಚ್ ಇಳಿಸಿದರೂ ಬೇರೆ ದಾರಿಯಿಂದ ವಿದ್ಯುತ್ ಬರಬಹುದು. ಸೌರ ಫಲಕದ ಮೇಲೆ ಬೆಳಕು ಬೀಳುತ್ತಿರುವಷ್ಟು ಹೊತ್ತೂ ಅದರ ತಂತಿಗಳಲ್ಲಿ ವೋಲ್ಟೇಜ್ ಇರುತ್ತದೆ. ಅದೂ ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್. ಮನೆಯ ಎಸಿ ವಿದ್ಯುತ್ 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಆರಲು ಅವಕಾಶವಿದೆ. ಡಿಸಿಯಲ್ಲಿ ಆ ಅವಕಾಶವಿಲ್ಲ, ಹತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ.

ಪರವಾನಗಿ ಬೇಕೇ?

ಬಹುತೇಕ ಎಲ್ಲೆಡೆ ಯಾವುದಾದರೊಂದು ರೂಪದಲ್ಲಿ ಬೇಕು. ಕೆಲವೆಡೆ ವ್ಯಕ್ತಿಗೆ, ಕೆಲವೆಡೆ ಗುತ್ತಿಗೆದಾರ ಸಂಸ್ಥೆಗೆ, ಕೆಲವೆಡೆ ಎರಡಕ್ಕೂ. ಯಾವ ಕೆಲಸವನ್ನು ಪರವಾನಗಿ ಇಲ್ಲದೆ ಮಾಡಬಹುದು, ಯಾವುದಕ್ಕೆ ಪರೀಕ್ಷಾ ವರದಿ ಬರೆದು ಸಹಿ ಹಾಕಬೇಕು ಎಂಬುದನ್ನು ನಿಮ್ಮಲ್ಲಿನ ವಿದ್ಯುತ್ ನಿಯಂತ್ರಣ ಕಚೇರಿಯಿಂದಲೇ ಬರಹದಲ್ಲಿ ಪಡೆಯಿರಿ. ಪರಿಚಯದವರ ಬಾಯಿಮಾತನ್ನು ನಂಬಿ ಹೊರಡಬೇಡಿ. ಪರವಾನಗಿ ಇಲ್ಲದೆ ಮಾಡಿದ ಕೆಲಸದಿಂದ ಬೆಂಕಿ ಬಿದ್ದರೆ ವಿಮೆ ಕೈ ಬಿಡಬಹುದು, ಮನೆಯವರದ್ದೂ ನಿಮ್ಮದೂ.

ಯಾವ ಉಪಕರಣಗಳನ್ನು ಮೊದಲು ಕೊಳ್ಳಬೇಕು?

ಒಳ್ಳೆಯ ಮಲ್ಟಿಮೀಟರ್, ಎರಡು ಮೊನೆಯ ವೋಲ್ಟೇಜ್ ಟೆಸ್ಟರ್, ಹಿಡಿಕೆಗೆ ನಿರೋಧಕ ಹೊದಿಕೆ ಇರುವ ಸ್ಕ್ರೂಡ್ರೈವರ್‌ಗಳು, ಕಟಿಂಗ್ ಪ್ಲೈಯರ್, ತಂತಿಯ ಸಿಪ್ಪೆ ಸುಲಿಯುವ ಸ್ಟ್ರಿಪ್ಪರ್. ಮೀಟರ್ ಕೊಳ್ಳುವಾಗ ಅದರ ಮೇಲೆ ಬರೆದಿರುವ ಸುರಕ್ಷತಾ ವರ್ಗ (CAT) ನೋಡಿ. ಡಿಬಿಯಲ್ಲಿ ಕೆಲಸ ಮಾಡುವವನಿಗೆ ಕನಿಷ್ಠ ಮೂರನೇ ವರ್ಗ ಬೇಕು. ಕಂಬದಿಂದ ಬರುವ ತಂತಿ ಮನೆ ಸೇರುವ ಜಾಗಕ್ಕೆ ನಾಲ್ಕನೇ ವರ್ಗ. ಅಗ್ಗದ ಮೀಟರ್ ದೊಡ್ಡ ಪ್ರವಾಹದ ಎದುರು ಕೈಯಲ್ಲೇ ಸಿಡಿಯಬಹುದು.

ಸ್ವಂತ ಕೆಲಸ ಆರಂಭಿಸುವಾಗ ಮೆಗ್ಗರ್ ಬೇಕೇ ಬೇಕು. ಮನೆಯ ವೈರಿಂಗಿಗೆ ಅದು 500 ವೋಲ್ಟ್ ಡಿಸಿ ಹಾಯಿಸಿ ತಂತಿಗಳ ನಡುವಿನ ನಿರೋಧವನ್ನು ಅಳೆಯುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 1 ಮೆಗಾ ಓಮ್‌ಗಿಂತ ಕಡಿಮೆ ಬರಬಾರದು. ಹೊಸ ವೈರಿಂಗ್‌ನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತದೆ, ಬರದಿದ್ದರೆ ಎಲ್ಲೋ ಮೊಳೆ ತಾಗಿದೆ ಅಥವಾ ತೇವ ಸೇರಿದೆ. ಪರೀಕ್ಷೆಗೆ ಮೊದಲು ಟಿವಿ, ಎಲ್‌ಇಡಿ ದೀಪ ಎಲ್ಲವನ್ನೂ ಕಳಚಿರಿ, ಇಲ್ಲದಿದ್ದರೆ ಅವು ಸುಟ್ಟುಹೋಗಬಹುದು.

ಉಳಿದ ಯಂತ್ರಗಳನ್ನು ಕೆಲಸ ಬಂದಂತೆ ಕೊಳ್ಳಿ. ಹೊಸ ಉಪಕರಣದ ಆಸೆಗೆ ಉಳಿತಾಯ ಕರಗಿಸಿಕೊಂಡವರನ್ನು ನೋಡಿದ್ದೇನೆ.

ಈಗಿನ ನೌಕರಿಯನ್ನು ಯಾವಾಗ ಬಿಡಲಿ?

ಸಾಧ್ಯವಾದಷ್ಟು ತಡವಾಗಿ. ಸಂಜೆಯ ತರಗತಿ, ರಜಾದಿನದಲ್ಲಿ ಯಾರದಾದರೂ ಜೊತೆ ಸಹಾಯಕನಾಗಿ ಕೆಲಸ, ಹೀಗೆ ಆರಂಭಿಸಿ. ಆರು ತಿಂಗಳು ದೂಳು ಕುಡಿದ ಮೇಲೂ ಬೆಳಿಗ್ಗೆ ಏಳುವಾಗ ಮನಸ್ಸು ಮುಂದಕ್ಕೆ ಎಳೆಯುತ್ತಿದ್ದರೆ ಆಗ ರಾಜೀನಾಮೆಯ ಯೋಚನೆ ಮಾಡಿ. ಕೈಯಲ್ಲಿ ಒಂದು ವರ್ಷದ ಮನೆಖರ್ಚು ಇರಲಿ. ಕಲಿಯುವವನ ಸಂಬಳ ಹದಿನೆಂಟರ ಹುಡುಗನಿಗೆ ಲೆಕ್ಕ ಹಾಕಿದ್ದು, ಮಕ್ಕಳ ಶುಲ್ಕ ಮತ್ತು ಮನೆಸಾಲ ಇರುವವನಿಗೆ ಅಲ್ಲ. ನಾವು ನಾಲ್ಕು ವರ್ಷ ಹಾಸಿಗೆ ಇದ್ದಷ್ಟೇ ಕಾಲು ಚಾಚಿದೆವು. ಆ ನಿರ್ಧಾರವನ್ನು ನಾನೊಬ್ಬನೇ ತೆಗೆದುಕೊಳ್ಳಲಿಲ್ಲ. ಹೆಂಡತಿಯೂ ನಾನೂ ಒಂದು ಕಾಗದದಲ್ಲಿ ಪ್ರತಿ ಖರ್ಚನ್ನೂ ಬರೆದು, ಯಾವುದನ್ನು ಬಿಡಬಹುದು ಎಂದು ಇಬ್ಬರೂ ಸೇರಿ ಗೆರೆ ಎಳೆದೆವು. ಮನೆಯವರ ಒಪ್ಪಿಗೆ ಇಲ್ಲದೆ ಈ ದಾರಿಗೆ ಇಳಿಯಬೇಡಿ.

ತರಬೇತಿ ಮುಗಿದ ಮರುದಿನವೇ ಸ್ವಂತ ಕೆಲಸಕ್ಕೆ ಇಳಿಯುವುದೂ ಬೇಡ. ಬೇರೆಯವರ ಹೆಸರಿನಲ್ಲಿ, ಬೇರೆಯವರ ಕಣ್ಣ ಮುಂದೆ ತಪ್ಪು ಮಾಡಲು ಒಂದೆರಡು ವರ್ಷ ಕೊಟ್ಟುಕೊಳ್ಳಿ.

ದರ ಹೇಗೆ ನಿಗದಿ ಮಾಡುವುದು?

ಲೆಕ್ಕಪತ್ರದಲ್ಲಿ ಅರ್ಧ ಆಯುಷ್ಯ ಕಳೆದ ನಾನೇ ಮೊದಲ ವರ್ಷ ಇಲ್ಲಿ ಎಡವಿದೆ. ಹಿಂದಿನ ಸಂಬಳವನ್ನು ಗಂಟೆಗಳಿಂದ ಭಾಗಿಸಿ, ಬಂದದ್ದನ್ನೇ ದರ ಎಂದುಕೊಂಡೆ. ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ಮಾಡಿದ ಲೆಕ್ಕ ಇದು. ವಾರಕ್ಕೆ 40 ಗಂಟೆಯಂತೆ ನೌಕರನಿಗೆ ವರ್ಷಕ್ಕೆ 2080 ಗಂಟೆಗೆ ಸಂಬಳ ಬರುತ್ತದೆ, ರಜೆಗೂ ಸೇರಿ. ಸ್ವಂತ ಕೆಲಸದವನಿಗೆ ರಜೆಗೆ, ಜ್ವರಕ್ಕೆ ಸಂಬಳ ಕೊಡುವವರಿಲ್ಲ. ಆರು ವಾರ ಕಳೆದರೆ 46 ವಾರ, 230 ದಿನ. ದಿನದ ಎಂಟು ಗಂಟೆಯಲ್ಲಿ ಓಡಾಟ, ಸಾಮಾನು ತರುವುದು, ಅಂದಾಜು ಬರೆಯುವುದು, ಬಾಕಿ ಕೇಳುವುದು, ಇಷ್ಟಕ್ಕೆ ಮೂರು ಗಂಟೆ ಹೋಗುತ್ತದೆ. ಹಣ ಬರುವುದು ಐದು ಗಂಟೆಗೆ. 230ನ್ನು ಐದರಿಂದ ಗುಣಿಸಿದರೆ 1150 ಗಂಟೆ. ಹಿಂದಿನ ಸಂಬಳದಷ್ಟೇ ಬೇಕೆಂದರೂ ಗಂಟೆಯ ದರ 1.8 ಪಟ್ಟು ಇರಬೇಕು. ಅದರ ಮೇಲೆ ವಾಹನ, ಉಪಕರಣ, ವಿಮೆ, ತೆರಿಗೆ, ಮುಪ್ಪಿನ ಉಳಿತಾಯ. ಸ್ವಂತ ಕೆಲಸದವರು ಹೆಚ್ಚು ಕೇಳುತ್ತಾರೆ ಎಂದು ಜನ ಗೊಣಗುವಾಗ ಈ ಲೆಕ್ಕ ಅವರ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಕಣ್ಣಿಗಾದರೂ ಕಾಣಲಿ.

ಅಂದಾಜನ್ನು ಯಾವಾಗಲೂ ಬರೆದು ಕೊಡಿ. ಏನು ಸೇರಿದೆ ಎಂಬುದರ ಜೊತೆಗೆ ಏನು ಸೇರಿಲ್ಲ ಎಂಬುದನ್ನೂ ಬರೆಯಿರಿ: ಕೊರೆದ ಗೋಡೆಗೆ ಗಾರೆ ಯಾರು ಮಾಡುತ್ತಾರೆ, ಬಣ್ಣ ಯಾರು ಬಳಿಯುತ್ತಾರೆ. ಜಗಳಗಳು ಹುಟ್ಟುವುದು ಬರೆಯದೆ ಬಿಟ್ಟ ಸಾಲುಗಳಲ್ಲಿ. ಸಾಮಾನಿಗೆ ಮುಂಗಡ ಕೇಳಲು ಸಂಕೋಚ ಬೇಡ.

ಮೊದಲ ಗ್ರಾಹಕರು ಎಲ್ಲಿಂದ ಬರುತ್ತಾರೆ?

ನಿಮ್ಮ ಹಳೆಯ ಬದುಕಿನಿಂದ. ನನ್ನ ಮೊದಲ ಹನ್ನೊಂದು ಕೆಲಸಗಳಲ್ಲಿ ಎಂಟು ಹಳೆಯ ಸಹೋದ್ಯೋಗಿಗಳ ಮನೆಯವು. ಪರಿಚಿತರಿಗೆ ಉಚಿತವಾಗಿ ಮಾಡಿಕೊಡಬೇಡಿ. ಒಮ್ಮೆ ಉಚಿತವಾಗಿ ಮಾಡಿದರೆ ಮುಂದಿನ ಸಲ ಹಣ ಕೇಳಲು ನಿಮಗೇ ಬಾಯಿ ಬರುವುದಿಲ್ಲ. ಪ್ಲಂಬರ್, ಬಡಗಿ, ಬಣ್ಣ ಬಳಿಯುವವರ ಜೊತೆ ಸ್ನೇಹ ಬೆಳೆಸಿ. ಅವರ ಒಂದು ಮಾತು ಯಾವ ಜಾಹೀರಾತಿಗಿಂತಲೂ ಹೆಚ್ಚು ಕೆಲಸ ತರುತ್ತದೆ.

ಯಾವ ಬಗೆಯ ಕೆಲಸ ಆರಿಸಿಕೊಳ್ಳಲಿ?

ಹೊಸ ಕಟ್ಟಡದಲ್ಲಿ ವೇಗ ಮುಖ್ಯ, ಮೈಗೆ ದಣಿವು ಹೆಚ್ಚು, ಹಣ ಬರುವುದು ತಡ. ಐವತ್ತರ ಹತ್ತಿರದವರಿಗೆ ನಾನು ಹೇಳುವುದು ದೋಷ ಹುಡುಕುವ ಕೆಲಸ ಮತ್ತು ಹಳೆಯ ವೈರಿಂಗ್‌ನ ತಪಾಸಣೆ. ಆರ್‌ಸಿಸಿಬಿ ಮಳೆ ಬಂದಾಗ ಮಾತ್ರ ಏಕೆ ತಾನಾಗಿ ಕೆಳಗೆ ಬಿದ್ದು ವಿದ್ಯುತ್ ಕಡಿಯುತ್ತದೆ? ಒಂದು ಕೋಣೆಯ ದೀಪ ಹಾಕಿದರೆ ಇನ್ನೊಂದರಲ್ಲಿ ಏಕೆ ಮಿಣುಕುತ್ತದೆ? ಇಂಥವನ್ನು ಬಿಡಿಸಲು ತಾಳ್ಮೆ ಬೇಕು, ಪ್ರಶ್ನೆ ಕೇಳುವ ಜಾಣ್ಮೆ ಬೇಕು, ಕಾಗದದಲ್ಲಿ ಚಿತ್ರ ಬರೆದು ಒಂದೊಂದೇ ಸಾಧ್ಯತೆಯನ್ನು ಹೊಡೆದುಹಾಕುವ ಅಭ್ಯಾಸ ಬೇಕು. ತಾಳೆಯಾಗದ ಲೆಕ್ಕದಲ್ಲಿ ತಪ್ಪು ಹುಡುಕಿದ ವರ್ಷಗಳು ನನಗೆ ಇಲ್ಲಿ ಒದಗಿ ಬಂದವು. ಶಿಕ್ಷಕರಾಗಿದ್ದವರು ಗ್ರಾಹಕರಿಗೆ ಬಿಡಿಸಿ ಹೇಳುವುದರಲ್ಲಿ ಮುಂದು. ದಾದಿಯಾಗಿದ್ದವರೊಬ್ಬರು ನನಗೆ ಗೊತ್ತು, ಅವರಷ್ಟು ಕ್ರಮವಾಗಿ ಪರೀಕ್ಷಾ ವರದಿ ಬರೆಯುವವರನ್ನು ನಾನು ಕಂಡಿಲ್ಲ.

ಹೆಂಗಸರು ಈ ಕಸುಬಿಗೆ ಬರಬಹುದೇ?

ಬರಬಹುದು, ಬರಬೇಕು. ಆ ದಾದಿ ಹೆಂಗಸೇ. ಒಬ್ಬರೇ ಇರುವ ವೃದ್ಧೆಯರು, ಹಗಲು ಮನೆಯಲ್ಲಿ ಮಕ್ಕಳೊಂದಿಗೆ ಇರುವ ತಾಯಂದಿರು ಅವರನ್ನೇ ಹುಡುಕಿ ಕರೆಯುತ್ತಾರೆ. ತಂತಿಗೆ ಹಿಡಿದವರು ಗಂಡೋ ಹೆಣ್ಣೋ ತಿಳಿಯದು. ಕಷ್ಟ ಕೊಡುವುದು ಕೆಲಸದ ಜಾಗದಲ್ಲಿರುವ ಕೆಲವರ ಮಾತು ಮತ್ತು ಕಟ್ಟುತ್ತಿರುವ ಕಟ್ಟಡಗಳಲ್ಲಿ ಶೌಚಾಲಯವಿಲ್ಲದಿರುವುದು. ಎರಡನ್ನೂ ಸರಿಪಡಿಸುವ ಹೊಣೆ ಗಂಡಸರಾದ ನಮ್ಮ ಮೇಲೂ ಇದೆ.

ತಪ್ಪು ಮಾಡಿದರೆ?

ಮಾಡುತ್ತೀರಿ. ಸ್ವಂತ ಕೆಲಸದ ಮೂರನೇ ತಿಂಗಳು ನಾನು ಮೂರು ಫೇಸ್ ಇರುವ ಮನೆಯೊಂದರ ಡಿಬಿ ಬದಲಿಸಿದೆ. ಸಂಜೆಯಾಗಿತ್ತು, ಮನೆಯವರು ವಿದ್ಯುತ್ತಿಗಾಗಿ ಕಾಯುತ್ತಿದ್ದರು. ಮುಖ್ಯ ನ್ಯೂಟ್ರಲ್‌ನ ಸ್ಕ್ರೂವನ್ನು ಬಿಗಿದ ಮೇಲೆ ಎಳೆದು ನೋಡಲಿಲ್ಲ. ಐದನೇ ದಿನ ಅದು ಸಡಿಲವಾಯಿತು. ಮೂರು ಫೇಸ್‌ನ ಜಾಲದಲ್ಲಿ ನ್ಯೂಟ್ರಲ್ ತಪ್ಪಿದರೆ ಕಡಿಮೆ ಲೋಡ್ ಇರುವ ಫೇಸ್‌ನ ವೋಲ್ಟೇಜ್ 230ರಿಂದ 400ರ ಹತ್ತಿರದವರೆಗೂ ಏರಬಹುದು. ಟಿವಿ, ಫ್ರಿಜ್ಜಿನ ಬೋರ್ಡ್, ಎರಡು ಚಾರ್ಜರ್ ಸುಟ್ಟವು. ಆ ಮನೆಯಲ್ಲಿ ಪುಟ್ಟ ಮಗುವಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫೋನ್ ಬಂದ ಅರ್ಧ ಗಂಟೆಯಲ್ಲಿ ಹೋದೆ, ತಪ್ಪು ನನ್ನದೇ ಎಂದೆ, ಎಲ್ಲದರ ಬೆಲೆ ಕೊಟ್ಟೆ. ಆಗ ನನಗೆ ವಿಮೆ ಇರಲಿಲ್ಲ. ಮೂರು ತಿಂಗಳ ಗಳಿಕೆ ಒಂದೇ ದಿನ ಹೋಯಿತು. ಬೇರೆಯವರ ಆಸ್ತಿಗೆ, ಜೀವಕ್ಕೆ ಆಗುವ ಹಾನಿಯನ್ನು ಭರಿಸುವ ವಿಮೆಯನ್ನು ಮೊದಲ ಕೆಲಸಕ್ಕೆ ಹೋಗುವ ಮುನ್ನವೇ ಮಾಡಿಸಿ. ಮಾಡಿದ ಪ್ರತಿ ಕೆಲಸದ ಫೋಟೊ ಮತ್ತು ಪರೀಕ್ಷೆಯ ಅಂಕಿಗಳನ್ನು ದಿನಾಂಕ ಸಹಿತ ಇಟ್ಟುಕೊಳ್ಳಿ. ಆ ಮನೆಯವರು ಇಂದಿಗೂ ನನ್ನನ್ನೇ ಕರೆಯುತ್ತಾರೆ.

ಒಬ್ಬನೇ ದುಡಿಯುವುದು ಬೇಸರವಾಗುವುದಿಲ್ಲವೇ?

ಆಗುತ್ತದೆ, ಮತ್ತು ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಚೇರಿಯಲ್ಲಿ ಪಕ್ಕದ ಮೇಜಿನವರನ್ನು ಕೇಳುವಂತೆ ಇಲ್ಲಿ ಕೇಳಲು ಯಾರೂ ಇರುವುದಿಲ್ಲ. ಸಂದೇಹ ಬಂದಾಗ ಫೋನ್ ಮಾಡಬಹುದಾದ ಇಬ್ಬರು ಎಲೆಕ್ಟ್ರೀಷಿಯನ್ನರನ್ನಾದರೂ ಇಟ್ಟುಕೊಳ್ಳಿ. ನಾವು ಮೂವರು ವಾರಕ್ಕೊಮ್ಮೆ ಮಾತನಾಡುತ್ತೇವೆ, ಒಬ್ಬರಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬರು ಅವರ ತುರ್ತು ಕೆಲಸ ನೋಡಿಕೊಳ್ಳುತ್ತೇವೆ.

ಯಾರಿಗೆ ಈ ಕಸುಬು ಒಗ್ಗುವುದಿಲ್ಲ?

“ಇಷ್ಟು ಸಾಕು, ಯಾರಿಗೆ ಕಾಣುತ್ತದೆ” ಎನ್ನುವವರಿಗೆ. ನಮ್ಮ ಕೆಲಸದ ಬಹುಪಾಲು ಗೋಡೆಯೊಳಗೆ ಮುಚ್ಚಿಹೋಗುತ್ತದೆ. ಅದನ್ನು ಮತ್ತೆ ಯಾರಾದರೂ ತೆರೆದು ನೋಡುವಾಗ ಇಪ್ಪತ್ತು ವರ್ಷ ಆಗಿರಬಹುದು. ಈಗಿನ ಕೆಲಸದ ಮೇಲಿನ ಸಿಟ್ಟಿನಿಂದ ಓಡಿ ಬರುವವರಿಗೂ ಒಗ್ಗುವುದು ಕಷ್ಟ. ಕಿರಿಕಿರಿಯ ಗ್ರಾಹಕರು, ಬಾಕಿ ಕೊಡದವರು, ಮಳೆಯಲ್ಲಿ ತೋಯ್ದ ಮಧ್ಯಾಹ್ನಗಳು ಇಲ್ಲೂ ಇವೆ.

ಸರಿ, ಈ ವಾರ ನಾನು ಏನು ಮಾಡಬಹುದು?

ನಿಮ್ಮ ಮನೆಯ ಡಿಬಿಯ ಮುಂದೆ ಒಂದು ಪುಸ್ತಕ ಹಿಡಿದು ನಿಲ್ಲಿ. ಮುಚ್ಚಳ ಬಿಚ್ಚಬೇಡಿ. ಒಂದೊಂದೇ ಎಂಸಿಬಿ ಇಳಿಸಿ, ಮನೆಯಲ್ಲಿ ಏನೇನು ನಿಂತಿತು ಎಂದು ನೋಡಿ ಬರೆದುಕೊಳ್ಳಿ. ದೀಪ, ಸಾಕೆಟ್, ಹೀಟರ್, ಪಂಪ್, ಎಲ್ಲವನ್ನೂ. ಕೋಣೆಗಳ ನಕ್ಷೆ ಬರೆದು ಯಾವುದು ಯಾವ ಎಂಸಿಬಿಗೆ ಸೇರಿದೆ ಎಂದು ಗುರುತಿಸಿ. ಆರ್‌ಸಿಸಿಬಿ ಇದ್ದರೆ ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ಒಮ್ಮೆ ಒತ್ತಿ, ಅದು ತಕ್ಷಣ ಬೀಳಬೇಕು. ಬೀಳದಿದ್ದರೆ ಇಂದೇ ಅನುಭವಸ್ಥ ಎಲೆಕ್ಟ್ರೀಷಿಯನ್ ಒಬ್ಬರನ್ನು ಕರೆಸಿ. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಮುಗಿದ ಮೇಲೆ ನಿಮ್ಮ ನಕ್ಷೆಯನ್ನು ತೋರಿಸಿ. ಸಹಾಯಕರು ಬೇಕೇ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.